ಬಯಲು ಯಾಕೆ ಉಳಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ಸುತ್ತಲಿನ ಬಯಲು, ಕೆರೆ, ಕುರುಚಲು ಕಾಡು, ಹುಲ್ಲುಗಾವಲು ಉಳಿಯಬೇಕು ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೆಲವು ನಿಜವಾದ ಅನುಮಾನಗಳು. ಕೆಲವು ಸುಮ್ನೆ ಕೆಣಕುವುದಕ್ಕೆ ಕೇಳುವವು. ಕೆಣಕುವ ಪ್ರಶ್ನೆಗೂ ಉತ್ತರ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಹಾಗಾಗಿ ಎರಡನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಬಯಲು ಜಾಗ ಅಂದರೆ ಯಾವುದೆಲ್ಲ ಸೇರುತ್ತದೆ?

ಮೇಲೆ ಕಟ್ಟಡ, ಡಾಂಬರು, ಕಾಂಕ್ರೀಟು ಬೀಳದ ನೆಲ ಎಲ್ಲವೂ. ಕಾಡು, ಹುಲ್ಲುಗಾವಲು, ಕೆರೆ, ಜೌಗು, ಹಳ್ಳದ ಇಕ್ಕೆಲ, ಕಲ್ಲುಗುಡ್ಡ ಇವು ಸರಿಯೇ. ಹೊಲ, ಗದ್ದೆ, ತೋಟವೂ ಸೇರುತ್ತದೆ. ಊರೊಳಗಿನ ಪಾರ್ಕು, ಆಟದ ಮೈದಾನ, ಸ್ಮಶಾನದ ಹಳೆಯ ಮರಗಳೂ ಲೆಕ್ಕಕ್ಕೆ ಬರುತ್ತವೆ. ಆದರೆ ಎಲ್ಲದರ ತೂಕ ಒಂದೇ ಅಲ್ಲ. ನೀಟಾಗಿ ಕತ್ತರಿಸಿದ ಹುಲ್ಲುಹಾಸಿಗೂ ನೂರು ಬಗೆಯ ಗಿಡ ಇರುವ ಹಳ್ಳದ ದಂಡೆಗೂ ಬಹಳ ವ್ಯತ್ಯಾಸ ಇದೆ. ನಕ್ಷೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಹಸಿರು ಬಣ್ಣ ಬಳಿದಿರುತ್ತಾರೆ.

ಅದು ಸುಮ್ನೆ ಖಾಲಿ ಬಿದ್ದಿರುವ ಜಾಗ ಅಲ್ವಾ? ಉಪಯೋಗಿಸಿಕೊಂಡರೆ ತಪ್ಪೇನು?

ಈ "ಖಾಲಿ" ಅನ್ನುವ ಮಾತಿನಲ್ಲೇ ತೊಡಕು ಇರುವುದು. ಮನೆ ಖಾಲಿ ಇದೆ ಅಂದರೆ ಒಳಗೆ ಯಾರೂ ಇಲ್ಲ ಅಂತ. ಬಯಲಿನ ವಿಷಯದಲ್ಲಿ ಹಾಗಲ್ಲ. ಅಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಸದ್ದು ಇಲ್ಲ, ಸಂಬಳ ಇಲ್ಲ, ಅದಕ್ಕೇ ನಮಗೆ ಕಾಣುವುದಿಲ್ಲ.

ಒಂದು ಲೆಕ್ಕ ನೋಡಿ. ಒಂದು ಎಕರೆ ನೆಲದ ಮೇಲೆ ಒಂದು ಇಂಚು ಮಳೆ ಬಿದ್ದರೆ 1 ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರಾಗುತ್ತದೆ. ಗಿಡ, ಹುಲ್ಲು ಇರುವ ಸಹಜ ನೆಲದಲ್ಲಿ ಅದರ ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲೆ ಹರಿದು ಹೋಗುತ್ತದೆ. ಸುಮಾರು ಅರ್ಧ ನೆಲಕ್ಕೆ ಇಂಗುತ್ತದೆ. ಮಿಕ್ಕಿದ್ದು ಗಿಡಗಳ ಮೂಲಕ, ಬಿಸಿಲಿನ ಮೂಲಕ ಮತ್ತೆ ಆವಿಯಾಗುತ್ತದೆ. ಅದೇ ನೆಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಾಂಕ್ರೀಟು, ಡಾಂಬರು ಬಿದ್ದಿದ್ದರೆ ಅರ್ಧಕ್ಕಿಂತ ಜಾಸ್ತಿ ನೀರು ಚರಂಡಿಗೆ ನುಗ್ಗುತ್ತದೆ. ಮಣ್ಣಿನ ಗುಣ, ಇಳಿಜಾರು, ಮಳೆಯ ಜೋರು ನೋಡಿಕೊಂಡು ಅಂಕಿ ಆಚೀಚೆ ಆಗುತ್ತದೆ. ಆದರೂ ಎಕರೆಗೆ ಹತ್ತು ಸಾವಿರ ಲೀಟರ್ ಹರಿಯುತ್ತಿದ್ದದ್ದು ಐವತ್ತು ಸಾವಿರಕ್ಕೆ ಏರಿತು ಅಂದುಕೊಳ್ಳಿ. ಅಂಥ ನೂರು ಎಕರೆ ಮೇಲ್ಗಡೆ ಇದ್ದರೆ ಕೆಳಗಿನ ಬೀದಿಯ ಗತಿ ಏನು?

ಪ್ರವಾಹಕ್ಕೆ ಕಾಲುವೆ, ತಡೆಗೋಡೆ ಕಟ್ಟಿದರೆ ಆಯಿತಲ್ಲ?

ಕಟ್ಟಬಹುದು. ಕೆಲವು ಕಡೆ ಕಟ್ಟಲೇಬೇಕು. ಆದರೆ ಗೋಡೆ ನೀರನ್ನು ಕಡಿಮೆ ಮಾಡುವುದಿಲ್ಲ, ಪಕ್ಕದ ಊರಿಗೆ ದಾಟಿಸುತ್ತದೆ ಅಷ್ಟೇ.

ಅಮೆರಿಕದ ಬಾಸ್ಟನ್ ಪಕ್ಕದಲ್ಲಿ ಚಾರ್ಲ್ಸ್ ಅಂತ ಒಂದು ನದಿ ಇದೆ. 1955ರಲ್ಲಿ, ಮತ್ತೆ 1968ರಲ್ಲಿ ಅಲ್ಲಿ ದೊಡ್ಡ ಪ್ರವಾಹ ಬಂತು. ಅಲ್ಲಿನ ಸೇನೆಯ ಎಂಜಿನಿಯರುಗಳು ಪರಿಹಾರ ಹುಡುಕಲು ಹೋದರು. ಇವರು ಹುಟ್ಟಾ ಅಣೆಕಟ್ಟು ಕಟ್ಟುವ ಜನ. ನದಿಯ ಮೇಲ್ಭಾಗದಲ್ಲಿ ಜೌಗು ನೆಲ ಹೇರಳವಾಗಿತ್ತು. ಮಳೆಯ ನೀರನ್ನು ಅದು ಹೀರಿಟ್ಟುಕೊಂಡು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಕೆಳಭಾಗದಲ್ಲಿ ಜೌಗು ಮುಚ್ಚಿ ಕಟ್ಟಡ ಎದ್ದಿದ್ದವು, ಹಾನಿ ಆದದ್ದು ಅಲ್ಲಿಯೇ. ಎಂಜಿನಿಯರುಗಳು ಲೆಕ್ಕ ಹಾಕಿದರು. ಹೊಸ ಅಣೆಕಟ್ಟು ಕಟ್ಟುವುದಕ್ಕಿಂತ ಇರುವ ಜೌಗನ್ನು ಹಾಗೇ ಉಳಿಸುವುದು ಅಗ್ಗ ಅಂತ ಗೊತ್ತಾಯಿತು. 1974ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದಿನ ಹತ್ತು ವರ್ಷದೊಳಗೆ ಸುಮಾರು 8,100 ಎಕರೆ ಜೌಗನ್ನು ಕೊಂಡೋ ಕರಾರು ಮಾಡಿಕೊಂಡೋ ಕಾಪಾಡಿದರು. ಒಂದು ಇಟ್ಟಿಗೆಯನ್ನೂ ಇಡದೆ ಕಟ್ಟಿದ ಅಣೆಕಟ್ಟು ಅನ್ನಬಹುದು. ನನಗೆ ಈ ಕಥೆ ಇಷ್ಟ. ಇದನ್ನು ಹೇಳಿದವರು ಪರಿಸರದವರಲ್ಲ, ಕಾಂಕ್ರೀಟಿನ ಜನ ಅನ್ನುವುದಕ್ಕೆ.

ಕುಡಿಯುವ ನೀರಿಗೂ ಬಯಲಿಗೂ ಏನು ಸಂಬಂಧ?

ನಲ್ಲಿ ತಿರುಗಿಸಿದಾಗ ಬರುವ ನೀರು ಎಲ್ಲೋ ಒಂದು ನೆಲದ ಮೇಲೆ ಬಿದ್ದ ಮಳೆ. ಆ ನೆಲ ಚೆನ್ನಾಗಿದ್ದರೆ ನೀರು ಅರ್ಧ ಶುದ್ಧವಾಗಿಯೇ ಬರುತ್ತದೆ. ಬೇರು, ಎಲೆಗೊಬ್ಬರ, ಮಣ್ಣು ಸೋಸುವ ಕೆಲಸ ಮಾಡುತ್ತವೆ.

ನ್ಯೂಯಾರ್ಕ್ ನಗರದ ನೀರಿನಲ್ಲಿ ಸುಮಾರು ನೂರಕ್ಕೆ 90 ಪಾಲು ದೂರದ ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಬೆಟ್ಟಪ್ರದೇಶಗಳಿಂದ ಬರುತ್ತದೆ. 1990ರ ದಶಕದಲ್ಲಿ ಆ ನೀರಿಗೆ ದೊಡ್ಡ ಸೋಸು ಘಟಕ ಕಟ್ಟಬೇಕಾಗುತ್ತದೆ ಅನ್ನುವ ಸ್ಥಿತಿ ಬಂತು. ಕಟ್ಟಲು 600 ಕೋಟಿ ಡಾಲರಿಗೂ ಜಾಸ್ತಿ ಬೇಕಿತ್ತು, ನಡೆಸುವ ಖರ್ಚು ಬೇರೆ. ನಗರದವರು ಇನ್ನೊಂದು ದಾರಿ ಹಿಡಿದರು. 1997ರಲ್ಲಿ ಬೆಟ್ಟದ ಊರುಗಳ ಜೊತೆ ಒಪ್ಪಂದ ಆಯಿತು. ಮಾರಲು ಮನಸ್ಸಿದ್ದವರಿಂದ ಮಾತ್ರ ಜಮೀನು ಕೊಂಡರು. ಸಗಣಿ, ಗೊಬ್ಬರ ಹಳ್ಳಕ್ಕೆ ಸೇರದ ಹಾಗೆ ನೋಡಿಕೊಳ್ಳಲು ರೈತರಿಗೆ ನೆರವು ಕೊಟ್ಟರು. ಊರಿನ ಕೊಳಚೆ ಘಟಕಗಳನ್ನು ಸರಿ ಮಾಡಿಸಿದರು. ಘಟಕ ಕಟ್ಟುವ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಆಯಿತು. ಕ್ಲೋರಿನ್, ನೇರಳಾತೀತ ಬೆಳಕಿನ ಶುದ್ಧೀಕರಣ ಇದೆ. ಸೋಸುವ ಕೆಲಸ ಇವತ್ತಿಗೂ ಬೆಟ್ಟದ್ದೇ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬೆಟ್ಟದ ಜನಕ್ಕೆ ಮೊದಲು ನಗರದ ಮೇಲೆ ಸಿಟ್ಟೇ ಇತ್ತು. ನಮ್ಮ ನೆಲ, ನಿಮ್ಮ ನೀರು, ನಮಗೇನು ಅಂತ ಕೇಳಿದರು. ಕೇಳಿದ್ದು ಸರಿ. ಕೊಡುವವರಿಗೆ ಪಾಲು ಸಿಗದಿದ್ದರೆ ಯಾವ ಸಂರಕ್ಷಣೆಯೂ ಬಾಳುವುದಿಲ್ಲ.

ಮರ ಇದ್ದರೆ ತಂಪು ಅಂತಾರೆ. ಎಷ್ಟು ತಂಪು?

ನೆರಳು ಅರ್ಧ ಕಥೆ ಮಾತ್ರ. ಮರ ಬೇರಿನಿಂದ ನೀರೆಳೆದು ಎಲೆಯಿಂದ ಆವಿ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು, ಕರೆಂಟ್ ಬಿಲ್ಲಿನ ಯೂನಿಟ್ ಲೆಕ್ಕದಲ್ಲಿ, ಸುಮಾರು 0.68 ಯೂನಿಟ್ ಶಾಖ ಬೇಕು. ನೀರು ಸಾಕಷ್ಟು ಸಿಗುವ ದೊಡ್ಡ ಮರ ದಿನಕ್ಕೆ 100 ಲೀಟರ್ ಆವಿ ಮಾಡಿತು ಅನ್ನಿ. 68 ಯೂನಿಟ್ ಶಾಖ ಹೀರಿದ ಹಾಗಾಯಿತು. ಒಂದೂವರೆ ಟನ್ನಿನ ಎಸಿ ಹದಿಮೂರು ಗಂಟೆ ಓಡಿದರೆ ಅಷ್ಟು ಶಾಖ ತೆಗೆಯಬಹುದು. ಎಸಿ ಆ ಶಾಖವನ್ನು ಬೀದಿಗೆ ಎಸೆಯುತ್ತದೆ, ಕರೆಂಟ್ ಬಿಲ್ಲನ್ನು ನಿಮ್ಮ ಮೇಲೆ ಹಾಕುತ್ತದೆ. ಮರ ಎರಡನ್ನೂ ಮಾಡುವುದಿಲ್ಲ.

ಒಂಟಿ ಮರಕ್ಕಿಂತ ಮರಗಳ ಗುಂಪು, ಅದರ ಪಕ್ಕ ನೀರು, ಅದರ ಸುತ್ತ ಮಣ್ಣು ಇದ್ದರೆ ತಂಪು ಹೆಚ್ಚು ದೂರಕ್ಕೆ ಹರಡುತ್ತದೆ.

ಆರೋಗ್ಯಕ್ಕೆ ಒಳ್ಳೆಯದು ಅನ್ನುವುದಕ್ಕೆ ಪುರಾವೆ ಇದೆಯೇ?

ಇದೆ. ರೋಜರ್ ಉಲ್ರಿಚ್ ಅನ್ನುವ ಸಂಶೋಧಕ 1984ರಲ್ಲಿ ಪ್ರಕಟಿಸಿದ ಅಧ್ಯಯನ ತುಂಬಾ ಹೆಸರಾದದ್ದು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆ ನೋಡಿದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು. ಜೋರಿನ ನೋವುಗುಳಿಗೆ ಕಡಿಮೆ ಕೇಳಿದರು. 46 ಜನ ಅಂದರೆ ಸಣ್ಣ ಅಧ್ಯಯನ, ಒಪ್ಪುತ್ತೇನೆ. 2019ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಇನ್ನೊಂದು ಅಧ್ಯಯನ ಬಂತು. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಅಂತ ಹೇಳುವುದು ಜಾಸ್ತಿ ಅಂತ ಅದರಲ್ಲಿ ಕಂಡಿತು. ಒಂದೇ ಸಲ ಎರಡು ಗಂಟೆ ಆದರೂ ಸರಿ, ದಿನಕ್ಕೆ ಸ್ವಲ್ಪ ಸ್ವಲ್ಪ ಆದರೂ ಸರಿ.

ಆರೋಗ್ಯ ಇರುವವರೇ ಹೊರಗೆ ಹೋಗುತ್ತಾರೆ, ಅದಕ್ಕೆ ಹಾಗೆ ಕಾಣುತ್ತದೆ ಅಂತ ವಾದಿಸಬಹುದು. ಅದರಲ್ಲೂ ಸ್ವಲ್ಪ ನಿಜ ಇರಬಹುದು. ಆದರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಜಾಗವೇ ಇಲ್ಲದಿದ್ದರೆ ಆರೋಗ್ಯ ಇರುವವರೂ ಹೋಗುವುದೆಲ್ಲಿಗೆ? ಈ ಹತ್ತಿರದ ವಿಷಯಕ್ಕೆ ನಗರಯೋಜಕರ ಬಳಿ ನೆನಪಿಡಲು ಸುಲಭವಾದ ಒಂದು ಸೂತ್ರ ಇದೆ: 3, 30, 300. ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ನೂರಕ್ಕೆ 30 ಭಾಗ ಮರದ ನೆರಳಲ್ಲಿರಬೇಕು, 300 ಮೀಟರಿನೊಳಗೆ ಒಂದು ಪಾರ್ಕು ಇರಬೇಕು.

ರೈತರಿಗೆ ಇದರಿಂದ ಏನು ಸಿಗುತ್ತದೆ?

ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ನಾಲ್ಕನೇ ಮೂರರಷ್ಟು ಬೆಳೆಗಳಿಗೆ ಜೇನು, ದುಂಬಿ, ಚಿಟ್ಟೆ, ಬಾವಲಿ ಇಂಥವುಗಳ ನೆರವು ಸ್ವಲ್ಪವಾದರೂ ಬೇಕು. ಇವು ಗೂಡು ಕಟ್ಟುವುದು ಹೊಲದ ನಡುವೆ ಅಲ್ಲ. ಬೇಲಿಸಾಲು, ಪೊದೆ, ಒಣಮರ, ಬದು, ಕಾಡಿನ ಅಂಚು ಇವುಗಳಲ್ಲಿ. ಕೋಸ್ಟರಿಕಾದ ಒಂದು ಕಾಫಿ ತೋಟದಲ್ಲಿ ಸಂಶೋಧಕರು ಅಳೆದು ನೋಡಿದರು. 2004ರಲ್ಲಿ ಫಲಿತಾಂಶ ಬಂತು. ಕಾಡಿನಿಂದ ಸುಮಾರು ಒಂದು ಕಿಲೋಮೀಟರಿನೊಳಗಿದ್ದ ಗಿಡಗಳಲ್ಲಿ ಇಳುವರಿ ನೂರಕ್ಕೆ 20ರಷ್ಟು ಜಾಸ್ತಿ. ಅದೇ ಮಾಲೀಕ, ಅದೇ ಗೊಬ್ಬರ. ಬೇರೆ ಇದ್ದದ್ದು ಪಕ್ಕದ ಕಾಡಿನ ಜೇನು.

ಪೊದೆ ಕಡಿದು ಹೊಲ ಚೊಕ್ಕ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆ ಚೊಕ್ಕತನಕ್ಕೆ ತೆರುವ ಬೆಲೆ ಕೊಯ್ಲಿನ ಹೊತ್ತಿಗೆ ಗೊತ್ತಾಗುತ್ತದೆ.

ಜನಕ್ಕೆ ಮನೆ ಬೇಡವೇ? ಬಯಲು ಉಳಿಸಿದರೆ ಮನೆ ಬೆಲೆ ಏರುತ್ತದೆ ಅಂತಾರಲ್ಲ?

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇದರಲ್ಲಿ ಸತ್ಯ ಇದೆ.

ಲಂಡನ್ನಿನ ಸುತ್ತ ಹಸಿರು ಪಟ್ಟಿ ಇದೆ. 1938ರಲ್ಲಿ ಅದಕ್ಕೊಂದು ಕಾನೂನು ಬಂತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನಷ್ಟು ಬಿಗಿಯಾಯಿತು. ಊರು ಎಲ್ಲೆಂದರಲ್ಲಿ ಹಬ್ಬುವುದು ನಿಂತಿತು. ಆದರೆ ಒಳಗೆ ಸಾಕಷ್ಟು ಮನೆ ಕಟ್ಟಲಿಲ್ಲ. ಜನ ಪಟ್ಟಿಯನ್ನು ಹಾರಿ ಆಚೆ ಮನೆ ಮಾಡಿಕೊಂಡು ದಿನಾ ರೈಲಿನಲ್ಲಿ ಓಡಾಡುವ ಹಾಗಾಯಿತು. ಮನೆ ಬೆಲೆಗೆ ಹಸಿರು ಪಟ್ಟಿಯೂ ಒಂದು ಕಾರಣ ಅಂತ ಇವತ್ತಿಗೂ ಜಗಳ ನಡೆಯುತ್ತಿದೆ.

ಈಗ ವಿಯೆನ್ನಾ ನೋಡಿ. 1870ರ ಹೊತ್ತಿಗೆ ಸರ್ಕಾರ ಊರ ಪಕ್ಕದ ಕಾಡನ್ನು ಮರದ ವ್ಯಾಪಾರಿಗೆ ಮಾರಲು ಹೊರಟಿತ್ತು. ಜೋಸೆಫ್ ಶೋಫೆಲ್ ಅನ್ನುವ ಪತ್ರಕರ್ತ ಪತ್ರಿಕೆಯಲ್ಲಿ ಸತತವಾಗಿ ಬರೆದು ಅದನ್ನು ನಿಲ್ಲಿಸಿದ. 1905ರಲ್ಲಿ ನಗರಸಭೆ ಕಾಡು ಮತ್ತು ಹುಲ್ಲುಗಾವಲಿನ ಪಟ್ಟಿಯನ್ನೇ ಘೋಷಿಸಿತು. ಇವತ್ತು ಆ ನಗರದ ಸುಮಾರು ಅರ್ಧ ನೆಲ ಹಸಿರು. ಅದರ ಜೊತೆಗೆ ಸುಮಾರು ಅರ್ಧದಷ್ಟು ಜನ ನಗರಸಭೆಯ ಇಲ್ಲವೇ ಸರ್ಕಾರದ ನೆರವಿನ ಮನೆಗಳಲ್ಲಿ ಇದ್ದಾರೆ. ಬಯಲು ಉಳಿಸುವವರು ಮನೆ ಕಟ್ಟುವ ಜವಾಬ್ದಾರಿಯನ್ನೂ ಹೊತ್ತರು. ಬಸ್ಸು, ಟ್ರಾಮು ಓಡುವ ಕಡೆ ಒತ್ತಾಗಿ ಕಟ್ಟಿದರು.

ಒಂದು ಅಂತಸ್ತಿನ ಮನೆಗಳನ್ನು ಬಿಡಿಬಿಡಿಯಾಗಿ ಚೆಲ್ಲಿದರೆ ಎಷ್ಟು ಬಯಲಾದರೂ ಸಾಲದು. ನಾಲ್ಕು ಅಂತಸ್ತಿಗೆ ಅದೇ ನೆಲದಲ್ಲಿ ಎಷ್ಟೋ ಪಟ್ಟು ಜನ ಇರಬಹುದು. ಊರೊಳಗೆ ಪಾಳುಬಿದ್ದ ಕಾರ್ಖಾನೆ, ಮುಚ್ಚಿದ ಗೋದಾಮು, ಹೂಡಿಕೆಗೆಂದು ಕೊಂಡು ಬೀಗ ಹಾಕಿದ ಮನೆ ಎಷ್ಟಿವೆ ಅಂತ ಮೊದಲು ಎಣಿಸಬೇಕು. "ಖಾಲಿ" ಅನ್ನುವ ಮಾತು ನಿಜವಾಗಿ ಒಪ್ಪುವುದು ಅಲ್ಲಿ.

ತೆರಿಗೆ ಬರುವುದಿಲ್ಲ, ಊರಿಗೆ ನಷ್ಟ ಅಲ್ವಾ?

ಬಡಾವಣೆ ಬಂದರೆ ತೆರಿಗೆ ಬರುತ್ತದೆ, ನಿಜ. ಅದರ ಬೆನ್ನಿಗೇ ರಸ್ತೆ, ನೀರು, ಚರಂಡಿ, ಶಾಲೆ, ಕಸ, ಬೀದಿದೀಪ ಎಲ್ಲ ಬರುತ್ತದೆ. ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಊರುಗಳ ಆಯವ್ಯಯ ಇಟ್ಟುಕೊಂಡು ಈ ಲೆಕ್ಕ ಮಾಡಿದ್ದಾರೆ. ಮನೆಗಳು ಕೊಟ್ಟ ತೆರಿಗೆಗಿಂತ ಅವುಗಳಿಗೆ ಮಾಡಿದ ಖರ್ಚು ಸಾಮಾನ್ಯವಾಗಿ ಜಾಸ್ತಿ. ಹೊಲ, ಕಾಡಿನ ವಿಷಯದಲ್ಲಿ ಉಲ್ಟಾ. ತೆರಿಗೆ ಕಡಿಮೆ, ಆದರೆ ಖರ್ಚು ಇನ್ನೂ ಕಡಿಮೆ. ಹಸು ಶಾಲೆಗೆ ಹೋಗುವುದಿಲ್ಲ.

ಇದು ಉಳ್ಳವರ ಶೋಕಿ ಅಲ್ವಾ? ಬಡವರಿಗೆ ಪಾರ್ಕು ಯಾಕೆ?

ಉಳ್ಳವರಿಗೆ ತೋಟ ಇರುತ್ತದೆ, ರಜೆಯಲ್ಲಿ ಹೋಗಲು ದೂರದ ಬೆಟ್ಟ ಇರುತ್ತದೆ. ಸಾರ್ವಜನಿಕ ಬಯಲು ಹೋದರೆ ಎಲ್ಲ ಕಳೆದುಕೊಳ್ಳುವವರು ಅದು ಬಿಟ್ಟು ಬೇರೆ ಇಲ್ಲದವರು. ಸೌದೆ, ಮೇವು, ಮೀನು, ಸೊಪ್ಪು, ಮಕ್ಕಳ ಆಟ ಎಲ್ಲ ಅಲ್ಲೇ.

ಲಂಡನ್ ಪಕ್ಕದ ಎಪ್ಪಿಂಗ್ ಕಾಡು ಉಳಿದ ಕಥೆಯಲ್ಲಿ ನಾಯಕ ಒಬ್ಬ ಸೌದೆ ಕಡಿಯುವವ. ಥಾಮಸ್ ವಿಲ್ಲಿಂಗೇಲ್ ಅಂತ ಹೆಸರು. ಚಳಿಗಾಲದಲ್ಲಿ ಮರದ ಕೊಂಬೆ ಕಡಿದು ಸೌದೆ ಮಾಡಿಕೊಳ್ಳುವ ಹಕ್ಕು ಕಾಡಿನ ಪಕ್ಕದ ಅವನ ಊರಿನವರಿಗೆ ಹಿಂದಿನಿಂದ ಇತ್ತು. 1860ರ ದಶಕದಲ್ಲಿ ಜಮೀನ್ದಾರ ಕಾಡಿಗೆ ಬೇಲಿ ಹಾಕಿದ. ವಿಲ್ಲಿಂಗೇಲ್ ಬೇಲಿ ಲೆಕ್ಕಿಸದೆ ಕೊಂಬೆ ಕಡಿದ. ಅವನ ಮನೆಯವರು ಜೈಲು ಕಂಡರು. ವಿಷಯ ಕೋರ್ಟಿಗೆ ಹೋಯಿತು. ತೀರ್ಪು ಬರುವ ಮೊದಲೇ ಅವನು ಸತ್ತ. ಆಮೇಲೆ ಲಂಡನ್ನಿನ ನಗರಾಡಳಿತ ಹೋರಾಟ ಮುಂದುವರಿಸಿ 1874ರಲ್ಲಿ ಗೆದ್ದಿತು. 1878ರ ಕಾನೂನು ಆ ಕಾಡನ್ನು ಬೇಲಿ ಇಲ್ಲದೆ, ಕಟ್ಟಡ ಇಲ್ಲದೆ ಎಂದೆಂದಿಗೂ ಜನರಿಗಾಗಿ ಇಡಬೇಕು ಅಂತ ಹೇಳಿತು. ಆದರೆ ಆ ಕಾನೂನಿನಲ್ಲೇ ಕೊಂಬೆ ಕಡಿಯುವ ಹಕ್ಕು ಹೋಯಿತು. ಪರಿಹಾರದ ಹಣದಲ್ಲಿ ಊರಿಗೊಂದು ಸಭಾಭವನ ಕಟ್ಟಿದರು. ಕಾಡು ಉಳಿಸಿದವನ ಊರಿಗೆ ಸೌದೆ ಇಲ್ಲ, ಸಭಾಭವನ ಇದೆ. ಇದನ್ನು ಗೆಲುವು ಅನ್ನಬೇಕೋ ಬೇಡವೋ ನೀವೇ ಯೋಚಿಸಿ.

ಇನ್ನೊಂದು ಅಪಾಯವನ್ನೂ ಹೇಳಿಬಿಡಬೇಕು. ಬಡವರ ಬೀದಿಯ ಪಕ್ಕ ಒಳ್ಳೆ ಪಾರ್ಕು ಬಂದರೆ ಬಾಡಿಗೆ ಏರುತ್ತದೆ. ನ್ಯೂಯಾರ್ಕಿನಲ್ಲಿ ಹಳೆಯ ರೈಲು ಸೇತುವೆಯ ಮೇಲೆ ಮಾಡಿದ ಹೈಲೈನ್ ಪಾರ್ಕು 2009ರಲ್ಲಿ ತೆರೆದ ಮೇಲೆ ಸುತ್ತಮುತ್ತ ಆದದ್ದು ಇದೇ. ಹಾಗಂತ ಬಡವರ ಬೀದಿಗೆ ಪಾರ್ಕು ಬೇಡ ಅನ್ನುವುದು ಉತ್ತರ ಅಲ್ಲ. ಬಾಡಿಗೆಗೆ ಇರುವವರ ರಕ್ಷಣೆಯನ್ನು ಪಾರ್ಕಿನ ನಕ್ಷೆ ಬರೆಯುವಾಗಲೇ ಬರೆಯಬೇಕು.

ಎಲ್ಲರದೂ ಅಂದರೆ ಯಾರದೂ ಅಲ್ಲ. ಯಾರು ನೋಡಿಕೊಳ್ಳುತ್ತಾರೆ?

ಇದೇ ವಾದವನ್ನು ಅಮೆರಿಕದ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದು ಹೆಸರಾದರು. ಎಲ್ಲರಿಗೂ ತೆರೆದ ಹುಲ್ಲುಗಾವಲಿಗೆ ಪ್ರತಿಯೊಬ್ಬರೂ ಇನ್ನೊಂದು ಹಸು ಬಿಡುತ್ತಾರೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಅಂತ. ಕೇಳಲು ಸರಿ ಅನಿಸುತ್ತದೆ. ಎಲಿನಾರ್ ಓಸ್ಟ್ರಮ್ ಊರೂರು ನೋಡಿ, ಜಗತ್ತಿನ ಉದ್ದಗಲದ ಉದಾಹರಣೆ ಒಟ್ಟು ಮಾಡಿ, ಹಾಗಾಗಲೇಬೇಕು ಅಂತೇನಿಲ್ಲ ಅಂತ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕೊಟ್ಟ ಉದಾಹರಣೆಗಳಲ್ಲಿ ಸ್ವಿಟ್ಜರ್‌ಲೆಂಡಿನ ಟೋರ್ಬೆಲ್ ಅನ್ನುವ ಹಳ್ಳಿಯೂ ಒಂದು. ಅಲ್ಲಿ 1517ರಲ್ಲೇ ಒಂದು ನಿಯಮ ಇತ್ತು. ಚಳಿಗಾಲದಲ್ಲಿ ನಿನ್ನ ಕೊಟ್ಟಿಗೆಯಲ್ಲಿ ಮೇವು ಹಾಕಿ ಎಷ್ಟು ಹಸು ಸಾಕಬಲ್ಲೆಯೋ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಅಷ್ಟೇ ಬಿಡು. ಎಷ್ಟು ಚುರುಕಾದ ನಿಯಮ ನೋಡಿ. ಅಳೆಯುವುದು ಸುಲಭ, ಮೋಸ ಮಾಡುವುದು ಕಷ್ಟ.

ಹಾಳಾಗುವುದು ನಿಯಮ ಇಲ್ಲದ ಬಯಲು. ನಿಯಮ ಮಾಡಿದವರೂ ಪಾಲಿಸುವವರೂ ಒಬ್ಬರೇ ಆಗಿದ್ದರೆ ಅದು ತಲೆಮಾರುಗಟ್ಟಲೆ ಬಾಳುತ್ತದೆ.

ಅಲ್ಲಲ್ಲಿ ಒಂದೊಂದು ಚೂರು ಉಳಿಸಿದರೆ ಸಾಲದೇ?

ಏನೂ ಇಲ್ಲದಿರುವುದಕ್ಕಿಂತ ಚೂರು ವಾಸಿ. ಆದರೆ ಹತ್ತು ಎಕರೆಯ ಹತ್ತು ಚೂರು ನೂರು ಎಕರೆಯ ಒಂದು ಕಾಡಿಗೆ ಸಮ ಅಲ್ಲ.

ಪನಾಮ ಕಾಲುವೆ ಮಾಡುವಾಗ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದರು. ಕಣಿವೆ ಮುಳುಗಿತು. 1914ರ ಹೊತ್ತಿಗೆ ಒಂದು ಬೆಟ್ಟದ ನೆತ್ತಿ ದ್ವೀಪವಾಗಿ ಉಳಿಯಿತು, ಸುಮಾರು 1,500 ಹೆಕ್ಟೇರ್. ಬಾರೊ ಕೊಲರಾಡೊ ಅಂತ ಅದರ ಹೆಸರು. 1923ರಿಂದ ಅದು ರಕ್ಷಿತ ತಾಣ. ಆದರೂ ಹತ್ತಾರು ಜಾತಿಯ ಹಕ್ಕಿಗಳು ಒಂದೊಂದಾಗಿ ಅಲ್ಲಿಂದ ಕಾಣೆಯಾದವು. ಹಕ್ಕಿಗೆ ರೆಕ್ಕೆ ಇದೆ, ಆಚೆ ದಡಕ್ಕೆ ಹಾರಬಹುದಲ್ಲ ಅನಿಸುತ್ತದೆ. ಸಂಶೋಧಕರು ಅದನ್ನೂ ಪರೀಕ್ಷಿಸಿದರು. ದಟ್ಟ ಕಾಡಿನ ಕೆಲವು ಹಕ್ಕಿಗಳನ್ನು ನೀರಿನ ಮೇಲೆ ದೋಣಿಯಿಂದ ಬಿಟ್ಟರೆ ನೂರು ಮೀಟರ್ ಕೂಡ ದಾಟಲಾರದೆ ಬಿದ್ದವು. ಅವಕ್ಕೆ ತೆರೆದ ಜಾಗ ಗೊತ್ತೇ ಇಲ್ಲ. ನಮ್ಮ ಹೆದ್ದಾರಿ, ಬಡಾವಣೆಗಳೂ ಎಷ್ಟೋ ಜೀವಿಗಳಿಗೆ ಅಂಥದ್ದೇ ನೀರು.

ಅದಕ್ಕೇ ಜೋಡಿಸುವ ಪಟ್ಟಿ ಮುಖ್ಯ. ಹಳ್ಳದ ದಂಡೆ, ಬೇಲಿಸಾಲು, ರಸ್ತೆಯ ಮೇಲೆ ಕೆಳಗೆ ಪ್ರಾಣಿಗಳಿಗೆ ದಾರಿ. ಕೆನಡಾದ ಬ್ಯಾನ್ಫ್ ಕಾಡಿನ ಹೆದ್ದಾರಿಗೆ ಬೇಲಿ ಹಾಕಿ, ಪ್ರಾಣಿಗಳು ದಾಟಲು ಮೇಲ್ಸೇತುವೆ, ಕೆಳದಾರಿ ಮಾಡಿದರು. ವಾಹನಕ್ಕೆ ಪ್ರಾಣಿ ಡಿಕ್ಕಿಯಾಗುವುದು ನೂರಕ್ಕೆ 80ಕ್ಕಿಂತ ಹೆಚ್ಚು ಇಳಿಯಿತು. ಜನರ ಜೀವವೂ ಉಳಿಯಿತು ಅಂತ ಬೇರೆ ಹೇಳಬೇಕಿಲ್ಲ.

ಇಲ್ಲಿ ಕಡಿದು ಬೇರೆ ಕಡೆ ಎರಡರಷ್ಟು ಗಿಡ ನೆಟ್ಟರೆ?

ಎರಡರಷ್ಟು ನೆಡುತ್ತಾರೆ, ಎಷ್ಟು ಬದುಕಿದವು ಅಂತ ಮೂರನೇ ವರ್ಷ ಯಾರೂ ಎಣಿಸುವುದಿಲ್ಲ. ಬದುಕಿದರೂ ನೂರು ವರ್ಷದ ಮರದ ಪೊಟರೆಗೆ, ಅದರ ಕೆಳಗಿನ ಮಣ್ಣಿಗೆ ಸಸಿ ಬದಲಿ ಆಗುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮರ ಇಲ್ಲದ ಜಾಗ ಅಂದರೆ ಕೆಟ್ಟ ಜಾಗ ಅಂತ ತಿಳಿದು ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಮರ ನೆಡುವುದು. ಹುಲ್ಲುಗಾವಲಿಗೆ ಅದರದೇ ಹಕ್ಕಿ, ಹುಳ, ಪ್ರಾಣಿ ಇವೆ. ಅದರ ಇಂಗಾಲ ಬಹುಪಾಲು ನೆಲದ ಕೆಳಗೆ ಬೇರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಬೆಂಕಿ ಬಿದ್ದರೂ ಅದು ಕೆಳಗೇ ಉಳಿಯುತ್ತದೆ. ಜೌಗೂ ಹಾಗೆಯೇ. ಕೊಳೆತ ಗಿಡ ಪದರ ಪದರವಾಗಿ ಕೂತ ಪೀಟ್ ಜೌಗುಗಳು ಭೂಮಿಯ ನೆಲದಲ್ಲಿ ನೂರಕ್ಕೆ 3 ಪಾಲು ಮಾತ್ರ. ಜಗತ್ತಿನ ಎಲ್ಲ ಕಾಡಿನ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅವುಗಳಲ್ಲಿದೆ. ಅಂಥ ಜಾಗವನ್ನು ಒಣಗಿಸಿ ಮರ ನೆಟ್ಟರೆ ಲಾಭಕ್ಕಿಂತ ನಷ್ಟ ಜಾಸ್ತಿ.

ಹಾವು, ಸೊಳ್ಳೆ ಜಾಸ್ತಿ ಆಗಲ್ವಾ?

ಹಾವು ಇಲಿಯ ಹಿಂದೆ ಬರುತ್ತದೆ, ಇಲಿ ಕಸದ ಹಿಂದೆ. ಕಸ ತೆಗೆಯಿರಿ. ಡೆಂಗಿ ಹರಡುವ ಸೊಳ್ಳೆಗೆ ಕೆರೆ ಬೇಕಿಲ್ಲ, ಹೂಕುಂಡದ ತಟ್ಟೆ, ಹಳೆ ಟಯರು, ಮುಚ್ಚದ ತೊಟ್ಟಿ ಸಾಕು. ಮೀನು, ಕಪ್ಪೆ, ಕೊಡತಿಹುಳದ ಮರಿ ಇರುವ ಜೀವಂತ ಕೆರೆಯಲ್ಲಿ ಸೊಳ್ಳೆಮರಿ ಉಳಿಯುವುದು ಕಷ್ಟ. ಕೊಳಚೆ ಬಿಟ್ಟು ಸಾಯಿಸಿದ ಕೆರೆಯ ಮಾತು ಬೇರೆ.

ಬೇಲಿ ಹಾಕಿ ಬಿಟ್ಟುಬಿಟ್ಟರೆ ಸಾಕೇ?

ಕೆಲವು ಕಡೆ ಸಾಕು. ಬೇರು, ಬೀಜ ಉಳಿದಿರುವ ಕಾಡು ಮೇಯಿಸುವುದು ನಿಂತರೆ ತಾನೇ ಚಿಗುರುತ್ತದೆ. ಕೆಲವು ಕಡೆ ಬೇಲಿಯೊಳಗೆ ಲಂಟಾನ ಹಬ್ಬಿ ಬೇರೆ ಏನೂ ಏಳದ ಹಾಗೆ ಮಾಡುತ್ತದೆ. ಹುಲ್ಲುಗಾವಲಿಗೆ ಹದವಾದ ಮೇಯಿಸುವಿಕೆಯೋ ಕೊಯ್ಲೋ ಬೇಕಾಗಬಹುದು. ಬೇಲಿ ಹಾಕುವ ಮೊದಲು ಅಲ್ಲಿ ದನ ಮೇಯಿಸುವ ಮುದುಕರನ್ನು ಕೇಳಿ. ಯಾವ ಗಿಡ ಯಾವಾಗಿನಿಂದ ಕಡಿಮೆಯಾಯಿತು ಅಂತ ಅವರ ಹತ್ತಿರ ಸಿಗುವ ಮಾಹಿತಿ ಯಾವ ವರದಿಯಲ್ಲೂ ಇರುವುದಿಲ್ಲ.

ಖಾಸಗಿ ಜಮೀನಾದರೆ? ಮಾಲೀಕನ ಹಕ್ಕು?

ಮಾಲೀಕನಿಗೆ ನ್ಯಾಯ ಸಿಗಬೇಕು. ಊರಿನ ಎಲ್ಲರಿಗೂ ಸಿಗುವ ಲಾಭಕ್ಕೆ ಒಬ್ಬನೇ ಬೆಲೆ ತೆರಬೇಕು ಅನ್ನುವುದು ಸರಿಯಲ್ಲ. ನೇರವಾಗಿ ಕೊಳ್ಳುವುದು ಒಂದು ದಾರಿ. ಅಮೆರಿಕದ ಬೋಲ್ಡರ್ ಊರಿನ ಜನ 1967ರಲ್ಲಿ ಬಯಲು ಕೊಳ್ಳುವುದಕ್ಕೆ ಅಂತಲೇ ಮಾರಾಟ ತೆರಿಗೆಯ ಒಂದು ಪಾಲನ್ನು ತಾವೇ ಮತ ಹಾಕಿ ಒಪ್ಪಿಕೊಂಡರು. ಇನ್ನೊಂದು ದಾರಿ ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳುವುದು. ಜಮೀನು ಮಾಲೀಕನದೇ. ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಬಡಾವಣೆ ಮಾತ್ರ ಮಾಡುವ ಹಾಗಿಲ್ಲ. ಮುಂದೆ ಯಾರು ಕೊಂಡರೂ ಆ ಕರಾರು ನೆಲದ ಜೊತೆಗೇ ಹೋಗುತ್ತದೆ. ಬೇಸಾಯ ಬಿಡಲು ಮನಸ್ಸಿಲ್ಲದ, ಆದರೆ ಕೈಯಲ್ಲಿ ಹಣ ಬೇಕಾದ ರೈತನಿಗೆ ಇದು ಹೊಂದುತ್ತದೆ. ಇಂಥ ಕರಾರಿಗೆ ಜಾಗ ಕೊಡುವ ಕಾನೂನು ಎಲ್ಲ ದೇಶದಲ್ಲೂ ಇಲ್ಲ.

ಈಗ ಕಟ್ಟಿಕೊಳ್ಳೋಣ, ಬೇಕಾದರೆ ಆಮೇಲೆ ಮತ್ತೆ ಹಸಿರು ಮಾಡಬಹುದಲ್ಲ?

ದಕ್ಷಿಣ ಕೊರಿಯಾದ ಸೋಲ್ ನಗರದವರು ಚಂಗ್ಯೆಚನ್ ಅನ್ನುವ ಹಳ್ಳವನ್ನು ಮುಚ್ಚಿ ಅದರ ಮೇಲೆ ರಸ್ತೆ, ರಸ್ತೆಯ ಮೇಲೆ ಮೇಲ್ಸೇತುವೆ ಕಟ್ಟಿದ್ದರು. 2003ರಲ್ಲಿ ಎಲ್ಲ ಒಡೆಯಲು ಶುರು ಮಾಡಿದರು. 2005ರಲ್ಲಿ ಹಳ್ಳ ಮತ್ತೆ ತೆರೆಯಿತು, ಸುಮಾರು 5.8 ಕಿಲೋಮೀಟರ್ ಉದ್ದ. ಈಗ ಜನ ಅಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಸುತ್ತಲಿನ ಬೀದಿ ತಂಪಾಗಿದೆ. ಒಳ್ಳೆಯ ಕೆಲಸವೇ. ಆದರೆ ಹಳ್ಳದ ಸ್ವಂತ ನೀರು ಮರಳಿ ಬರಲಿಲ್ಲ. ಬಹುಪಾಲು ನೀರನ್ನು ಹಾನ್ ನದಿಯಿಂದ ದಿನಾ ಪಂಪು ಮಾಡಿ ಬಿಡಬೇಕು. ಪಂಪು ನಿಂತರೆ ಹಳ್ಳ ನಿಂತಂತೆ.

ಬಯಲಿನ ಮೇಲೆ ಯಾವಾಗ ಬೇಕಾದರೂ ಕಟ್ಟಬಹುದು. ಕಟ್ಟಿದ್ದನ್ನು ಬಯಲು ಮಾಡುವುದು ಹಾಗಲ್ಲ. ಒಂದು ಸೆಂಟಿಮೀಟರ್ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕಾಗಬಹುದು. ಜೆಸಿಬಿಗೆ ಅದು ಅರ್ಧ ನಿಮಿಷದ ಕೆಲಸ.

ಎಲ್ಲವನ್ನೂ ಉಳಿಸಲು ಆಗುವುದಿಲ್ಲ. ಮೊದಲು ಯಾವುದು?

ನನ್ನನ್ನು ಕೇಳಿದರೆ ಮೊದಲು ನೀರಿನ ಹಾದಿ. ಕೆರೆ, ಅದಕ್ಕೆ ನೀರು ತರುವ ಹಳ್ಳ, ಜೌಗು, ನದಿ ಉಕ್ಕಿದಾಗ ಹರಡುವ ತಗ್ಗು. ಕೆರೆ ಉಳಿಸಿ ಅದರ ಹಳ್ಳ ಮುಚ್ಚಿದರೆ ಉಳಿಯುವುದು ದೊಡ್ಡ ಗುಂಡಿ. ಆಮೇಲೆ ಇನ್ನೂ ಒಡೆಯದೆ ಉಳಿದ ದೊಡ್ಡ ತುಂಡುಗಳು. ಆಮೇಲೆ ಎರಡು ದೊಡ್ಡ ತುಂಡುಗಳ ನಡುವೆ ಇರುವ, ನೋಡಲು ಏನೂ ಅಲ್ಲದ ಕಿರಿದಾದ ಪಟ್ಟಿಗಳು. ಇವು ಮೊದಲು ಮಾಯವಾಗುವವು, ಯಾಕೆಂದರೆ ಇವುಗಳ ಪರವಾಗಿ ಮಾತಾಡಲು ಯಾರೂ ಇರುವುದಿಲ್ಲ. ಹಸಿರೇ ಇಲ್ಲದ ಒತ್ತು ಬೀದಿಗಳ ಪಕ್ಕ ಅರ್ಧ ಎಕರೆ ಸಿಕ್ಕರೆ ಮಾತ್ರ ಈ ಸರದಿ ಮುರಿದು ಅದನ್ನೇ ಮೊದಲು ಹಿಡಿಯುತ್ತೇನೆ.

2022ರಲ್ಲಿ ದೇಶಗಳೆಲ್ಲ ಮಾಂಟ್ರಿಯಲ್‌ನಲ್ಲಿ ಕೂತು 2030ರೊಳಗೆ ನೆಲ ಮತ್ತು ಕಡಲಿನ ನೂರಕ್ಕೆ 30 ಪಾಲು ಕಾಪಾಡುವ ಗುರಿ ಒಪ್ಪಿಕೊಂಡವು. ಗುರಿ ಸರಿ. ಆದರೆ ಅಂಕಿ ತುಂಬಿಸಲು ಯಾರೂ ಬಯಸದ ಕಲ್ಲು ನೆಲವನ್ನೇ ಲೆಕ್ಕಕ್ಕೆ ಹಾಕುವ ಆಸೆ ಎಲ್ಲ ಸರ್ಕಾರಕ್ಕೂ ಇರುತ್ತದೆ. ಎಷ್ಟು ಅನ್ನುವುದರ ಜೊತೆಗೆ ಯಾವುದು ಅಂತಲೂ ಕೇಳಬೇಕು.

ನಾನೊಬ್ಬ ಏನು ಮಾಡಬಹುದು?

ಒಂದು ಜಾಗ ಆರಿಸಿಕೊಳ್ಳಿ. ನಡೆದು ಹೋಗುವಷ್ಟು ಹತ್ತಿರದ್ದು. ಅದು ದಾಖಲೆಯಲ್ಲಿ ಯಾರ ಹೆಸರಲ್ಲಿದೆ, ಯಾವ ಬಳಕೆಗೆ ಗುರುತಾಗಿದೆ ಅಂತ ಹುಡುಕಿ. ಹಳೆಯ ನಕ್ಷೆ ಸಿಕ್ಕರೆ ಅದರಲ್ಲಿ ಹಳ್ಳ ಎಲ್ಲಿತ್ತು ನೋಡಿ. ಜೋರು ಮಳೆ ಬಂದಾಗ ಕೊಡೆ ಹಿಡಿದು ಹೋಗಿ ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಅಂತ ಫೋಟೋ ತೆಗೆಯಿರಿ, ತಾರೀಕು ಬರೆದಿಡಿ. ವರ್ಷ ಪೂರ್ತಿ ಅಲ್ಲಿ ಕಂಡ ಹಕ್ಕಿ, ಗಿಡ, ಅಲ್ಲಿಗೆ ಬರುವ ಜನ, ಅವರು ಬರುವ ಕಾರಣ ಎಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಮುಂದೊಂದು ದಿನ ಆ ಜಾಗದ ಬಗ್ಗೆ ಸಭೆ ಕರೆಯುತ್ತಾರೆ. ಅಲ್ಲಿ ಯಾರಾದರೂ ಎದ್ದು "ಅಲ್ಲಿ ಏನೂ ಇಲ್ಲ, ಖಾಲಿ ಜಾಗ" ಅನ್ನುತ್ತಾರೆ. ಆಗ ಆ ಪುಸ್ತಕ ತೆಗೆದು ಮೇಜಿನ ಮೇಲೆ ಇಡಿ.